ಹಾಲಪ್ಪ ಸರಿಸಿದ ಕಂಬಳಿ

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಾಲಪ್ಪ ಮತ್ತು ತಿಪ್ಪೇಸ್ವಾಮಿ ಎಂಬ ಇಬ್ಬರು ಗೆಳೆಯರು ಸೇರಿ ಒಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಹಾಲಪ್ಪ ಕ್ಯಾಮೆರಾ ಹಿಡಿಯುವವನು. ತಿಪ್ಪೇಸ್ವಾಮಿ ಒಳಗೆ ಕೂತು ಚಿತ್ರ ತಿದ್ದಿ ಅಚ್ಚು ಹಾಕುವವನು. ಮೀಸೆ ಮೂಡುವ ಮೊದಲಿನ ಸ್ನೇಹ ಅವರದು. ಒಬ್ಬ ಒಂಟಿಯಾಗಿ ಕಂಡರೆ ಊರವರು ಇನ್ನೊಬ್ಬನಿಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು.

ಹಾಲಪ್ಪ ಕೆಟ್ಟವನಲ್ಲ. ಆದರೆ ಅವನ ತಲೆಯಲ್ಲಿ ಅನುಮಾನದ ಹುಳ ಒಂದಿತ್ತು. ತನ್ನ ಕಣ್ಣಿಗೆ ಬೀಳದ ಕಡೆ ಏನು ನಡೆದರೂ ಅದು ತನಗೆ ಟೋಪಿ ಹಾಕಲೆಂದೇ ನಡೆಯುತ್ತದೆ ಎಂದು ಆ ಹುಳ ಕೊರೆಯುತ್ತಿತ್ತು. ಬೀದಿಯಲ್ಲಿ ಯಾರಾದರೂ ನಕ್ಕರೆ ಇವನು ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುವನು. ಹೋಟೆಲಿನಲ್ಲಿ ಪಕ್ಕದವನ ದೋಸೆ ಕೊಂಚ ದೊಡ್ಡದಾಗಿ ಕಂಡರೆ, ಅವನಿಗೂ ಅಡುಗೆಯವನಿಗೂ ಏನು ನೆಂಟಸ್ತಿಕೆ ಎಂದು ಲೆಕ್ಕ ಹಾಕುತ್ತ ತನ್ನ ದೋಸೆಯನ್ನು ತಣ್ಣಗಾಗಿಸಿಕೊಳ್ಳುವನು.

ಹೀಗಿರುವಾಗ ತಿಪ್ಪೇಸ್ವಾಮಿ ಕಂಪ್ಯೂಟರಿಗೆ ಒಂದು ಹೊಸ ಸಾಫ್ಟ್‌ವೇರ್ ಹಾಕಿಸಿದ. ಉದ್ದನೆಯ ಕೇಬಲ್ಲಿನ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ತುದಿ ಕಂಪ್ಯೂಟರಿಗೆ. ಈ ಕೋಣೆಯಲ್ಲಿ ಕೂತು ಮೌಸ್ ಒತ್ತಿದರೆ ಆ ಕೋಣೆಯಲ್ಲಿ ಕ್ಯಾಮೆರಾ ತಾನಾಗಿಯೇ ಕ್ಲಿಕ್ ಎನ್ನುವುದು. ಬೆಳಕು, ಫೋಕಸ್ಸು ಎಲ್ಲವನ್ನೂ ಕೂತಲ್ಲಿಂದಲೇ ಹೊಂದಿಸಬಹುದು.

"ನೋಡಲೇ ಹಾಲಪ್ಪ, ಇನ್ನು ಕ್ಯಾಮೆರಾ ಮುಟ್ಟೋದೇ ಬ್ಯಾಡ!" ಎಂದು ತಿಪ್ಪೇಸ್ವಾಮಿ ಹಿಗ್ಗಿದ.

ಹಾಲಪ್ಪನೂ ನಕ್ಕ. ಆದರೆ ಹುಳ ಆಗಲೇ ಎದ್ದು ಕೂತಿತ್ತು. ಕ್ಯಾಮೆರಾ ಮುಟ್ಟುವುದು ಬೇಡ ಎಂದರೆ, ಮುಟ್ಟುವವನೂ ಬೇಡ ಎಂದೇ ಅಲ್ಲವೇ?

ಆ ಊರಿನ ಕೋಟೆ ಬೀದಿಯಲ್ಲಿ ದುರ್ಗಮ್ಮನ ಗುಡಿ. ಅಮ್ಮನಿಗೆ ತಲೆತಲಾಂತರದಿಂದ ಬಂದ ಒಂದು ಬೆಳ್ಳಿಯ ಮುಖವಾಡ. ವರ್ಷಕ್ಕೆ ಒಂದೇ ದಿನ ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಸಂಜೆ ದೀಪ ಹಚ್ಚುವ ಮೊದಲು ಮತ್ತೆ ಏರಿಸುವುದು ಪದ್ಧತಿ. ಅಲ್ಲಿಯವರೆಗೆ ಗರ್ಭಗುಡಿಯ ಬಾಗಿಲು ತೆರೆಯುವಂತಿಲ್ಲ. ಆ ವರ್ಷ ಗುಡಿಯವರು ಒಂದು ಪುಸ್ತಕ ಅಚ್ಚು ಹಾಕಿಸಲು ಹೊರಟಿದ್ದರು. ಅದಕ್ಕೆ ಬೆಳ್ಳಿ ಮುಖದ ಚಿತ್ರ ಬೇಕಿತ್ತು. ಧರ್ಮದರ್ಶಿ ಚಂದ್ರಮೌಳಿಯವರು ಗೆಳೆಯರಿಬ್ಬರನ್ನೂ ಕರೆಸಿದರು.

"ತೊಳೆದ ಮೇಲೆ ನಿಮ್ಮ ವಶಕ್ಕೆ ಕೊಡ್ತೀವಿ. ದೀಪ ಹಚ್ಚೋ ಹೊತ್ತಿಗೆ ಅಮ್ಮನ ಮುಖ ಅಮ್ಮನಿಗೆ ಸೇರಬೇಕು. ಚಿತ್ರ ತೆಗೆದವರ ಹೆಸರು ಪುಸ್ತಕದ ಮೊದಲ ಪುಟದಲ್ಲೇ ಬರ್ತದೆ," ಎಂದರು.

ಹೆಸರು ಎಂದ ಕೂಡಲೇ ಹಾಲಪ್ಪನ ಕಿವಿ ನಿಮಿರಿತು. ಇಷ್ಟು ವರ್ಷ ಕಂಡವರ ಮದುವೆ, ನಾಮಕರಣ ಎಲ್ಲ ತೆಗೆದರೂ ಅವನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಇದಾದರೂ ಆಗಲಿ ಎಂದು ಅವನ ಜೀವ ಹಾತೊರೆಯಿತು.

ಬೆಳ್ಳಿಯ ಚಿತ್ರ ತೆಗೆಯುವುದು ಸುಲಭವಲ್ಲ. ತಿಕ್ಕಿದ ಬೆಳ್ಳಿ ಕನ್ನಡಿಯೇ ಸರಿ. ಎದುರಿಗೆ ನಿಂತವನು ಅದರಲ್ಲಿ ಮೂಡಿಬಿಡುತ್ತಾನೆ. ಇದು ಹಾಲಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ಬೆಳ್ಳಿ ಸಾಮಾನಿನ ಚಿತ್ರ ತೆಗೆಯುವಾಗ ಅವನು ಮೈತುಂಬ ಕರಿ ಬಟ್ಟೆ ಹೊದ್ದು, ಒಂದು ತೂತಿನಿಂದ ಲೆನ್ಸ್ ಮಾತ್ರ ಹೊರಗೆ ಚಾಚುತ್ತಿದ್ದ. ಅಂಗಡಿಯವರು ಕರಡಿ ಬಂತೆಂದು ನಗುತ್ತಿದ್ದರು. ಆ ಪಾಡು ತಪ್ಪಲೆಂದೇ ತಿಪ್ಪೇಸ್ವಾಮಿ ಕೇಬಲ್ಲು, ಕಂಪ್ಯೂಟರು ಹೊತ್ತು ತಂದಿದ್ದ.

ಗುಡಿಯ ಉಗ್ರಾಣದಲ್ಲಿ ಬೆಳ್ಳಿ ಮುಖವನ್ನಿಟ್ಟರು. ಗೋಡೆಗೆಲ್ಲ ಕರಿ ಬಟ್ಟೆ ಕಟ್ಟಿದರು. ಅಂಗಳದ ಕಡೆಯ ಬಾಗಿಲಿಗೆ ಕರಿ ಕಂಬಳಿ ಇಳಿಬಿಟ್ಟರು. ಕಂಪ್ಯೂಟರು ಪಕ್ಕದ ಅಡುಗೆಮನೆಯಲ್ಲಿ ಕೂತಿತು.

"ಕ್ಯಾಮೆರಾ ನೀನೇ ನಿಲ್ಸು, ಲೈಟು ನೀನೇ ಇಡು," ಎಂದ ತಿಪ್ಪೇಸ್ವಾಮಿ. "ಆಮೇಲೆ ಹೊರಗೆ ಬಂದ್ಬಿಡು. ಉಗ್ರಾಣದಾಗೆ ಯಾರಿದ್ರೂ ಬೆಳ್ಳೀಲಿ ಕಾಣ್ತಾರೆ. ನಾನು ಅಡುಗೆಮನೆ ಬಾಗಿಲು ಹಾಕ್ಕೊಂಡು ಕೂತ್ಕೋತೀನಿ, ಸ್ಕ್ರೀನಿನ ಬೆಳಕೂ ಬೀಳಬಾರದು. ನೀನು ಅಂಗಳದಾಗೆ ಕೂತು ಯಾರೂ ಆ ಕಂಬಳಿ ಎತ್ತದಂಗೆ ನೋಡ್ಕೊ."

ಹಾಲಪ್ಪ ತಲೆಯಾಡಿಸಿದ. ಕ್ಯಾಮೆರಾ ನಿಲ್ಲಿಸಿದ, ದೀಪ ಹೊಂದಿಸಿದ, ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಕಂಬಳಿಯ ಆಚೆ ಕ್ಲಿಕ್ ಎಂದಿತು.

ಆಹಾ, ಆ ಸದ್ದು! ಹಾಲಪ್ಪನ ಎದೆಯೊಳಗೆ ಯಾರೋ ಚಿವುಟಿದಂತಾಯಿತು. ತನ್ನ ಕ್ಯಾಮೆರಾ, ತನ್ನ ಬೆರಳಿಲ್ಲದೆ, ಮುಚ್ಚಿದ ಬಾಗಿಲಿನ ಹಿಂದಿರುವ ಬೇರೆಯವನ ಮಾತು ಕೇಳುತ್ತಿದೆ. ಕಾವಲು ಕಾಯಲು ತಾನು ಬೇಕು, ಚಿತ್ರ ತೆಗೆಯಲು ಬೇಡ. ಕೊನೆಗೆ ಹೆಸರು ಯಾರದು ಬರುತ್ತದೆ?

ನಡುವೆ ತಿಪ್ಪೇಸ್ವಾಮಿ ನೀರು ಕುಡಿಯಲು ಬಾವಿಯ ಕಡೆ ಹೋದ. ಹಾಲಪ್ಪ ಸರಕ್ಕನೆ ಉಗ್ರಾಣಕ್ಕೆ ನುಗ್ಗಿ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ನೋಡುವ ಗುಂಡಿ ಒತ್ತಿದ. ಚಿತ್ರ ಕೂಡಿಡುವ ಕಾರ್ಡಿನಲ್ಲಿ ಒಂದು ಚಿತ್ರವೂ ಇರಲಿಲ್ಲ. ಮತ್ತೆ ಒತ್ತಿದ. ಖಾಲಿ.

ಹೊರಗೆ ಬಂದು, ಏನೂ ಅರಿಯದವನಂತೆ, "ಏನ್ ತಿಪ್ಪೇಶಿ, ಹೆಂಗ್ ಬಂದವೆ?" ಎಂದ.

"ಬೊಂಬಾಟಾಗಿ ಬರ್ತಾವೆ. ಎಲ್ಲ ಒಳಗೇ ಅವೆ," ಎಂದು ತಿಪ್ಪೇಸ್ವಾಮಿ ಬಾಯಿ ಒರೆಸಿಕೊಂಡು ಮತ್ತೆ ಬಾಗಿಲು ಹಾಕಿಕೊಂಡ.

ಮಕ್ಕಳೇ, ಇಲ್ಲಿ ಹಾಲಪ್ಪ ಒಂದೇ ಒಂದು ಮಾತು ಕೇಳಬೇಕಿತ್ತು: ಕಾರ್ಡು ಯಾಕೆ ಖಾಲಿ? ಕೇಬಲ್ಲು ಹಾಕಿದಾಗ ಚಿತ್ರ ಕಾರ್ಡಿಗೆ ಹೋಗದೆ ನೇರ ಕಂಪ್ಯೂಟರಿಗೆ ಬರುವಂತೆ ಇಟ್ಟಿದ್ದೀನಿ ಕಣೋ, ಬಾ ತೋರಿಸ್ತೀನಿ ಎಂದು ತಿಪ್ಪೇಸ್ವಾಮಿ ಕೈಹಿಡಿದು ಕರೆದೊಯ್ಯುತ್ತಿದ್ದ. ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅನುಮಾನದ ಮನುಷ್ಯನಿಗೆ ಕೇಳುವುದೆಂದರೆ ಅವಮಾನ. ಅವನು ತಾನೇ ಕಂಡುಹಿಡಿಯಬೇಕು.

ಹಾಲಪ್ಪ ಕಂಡುಹಿಡಿಯಲು ಎದ್ದ. ಕಂಬಳಿಯನ್ನು ಎರಡು ಬೆರಳಲ್ಲಿ ಸರಿಸಿ ಇಣುಕಿದ. ಕ್ಯಾಮೆರಾ ಕ್ಲಿಕ್ ಎಂದಿತು. ಥಟ್ಟನೆ ಹಿಂದೆ ಸರಿದ. ಇನ್ನೊಂದು ಬಾರಿ ಇಣುಕಿದ. ಅಡುಗೆಮನೆಯಿಂದ ಯಾವನಾದರೂ ಬಂದು ಕಾರ್ಡು ಬದಲಿಸುತ್ತಾನೋ? ತಿಪ್ಪೇಸ್ವಾಮಿಯೇ ಬರುತ್ತಾನೋ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಬೆಳ್ಳಿಯಲ್ಲಿ ಯಾರಿದ್ದರೂ ಕಾಣುತ್ತಾರೆ ಎಂದು ಊರಿಗೆಲ್ಲ ಹೇಳುತ್ತಿದ್ದವನೇ ಅದನ್ನು ಮರೆತಿದ್ದ. ಕ್ಲಿಕ್ ಎಂದಾಗಲೆಲ್ಲ ಕಂಬಳಿ ಸರಿದೇ ಇರುತ್ತಿತ್ತು, ಅಂಗಳದ ಬೆಳಕು ಒಳಗೆ ಬೀಳುತ್ತಿತ್ತು.

ಅತ್ತ ತಿಪ್ಪೇಸ್ವಾಮಿ ಮೊದಲ ಕೆಲವು ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದ. ಬೆಳಕು ಇನ್ನೂ ಹದಕ್ಕೆ ಬರದೆ ಅವು ಅಚ್ಚಿಗೆ ಆಗುವಂತಿರಲಿಲ್ಲ, ಆದರೆ ಬೆಳ್ಳಿ ಶುಭ್ರವಾಗಿತ್ತು. ಆಮೇಲೆ ಬೆಳಕು ಸರಿಮಾಡುವುದರಲ್ಲೇ ಮುಳುಗಿದ, ದೊಡ್ಡದು ಮಾಡಿ ನೋಡಲಿಲ್ಲ. ಬಾಗಿಲಲ್ಲಿ ಹಾಲಪ್ಪ ಇದ್ದಾನಲ್ಲ, ಇನ್ನೇನು ಭಯ ಎಂದುಕೊಂಡ.

ಹೊತ್ತಿಳಿಯಿತು. ಅರ್ಚಕರು ಬೆಳ್ಳಿ ಮುಖವನ್ನು ಎತ್ತಿಕೊಂಡು ಹೋಗಿ ಅಮ್ಮನಿಗೆ ಏರಿಸಿದರು. ದೀಪ ಬೆಳಗಿತು, ಗಂಟೆ ಮೊಳಗಿತು. ಮಂಗಳಾರತಿ ಮುಗಿಸಿ ಚಂದ್ರಮೌಳಿಯವರು ಚಿತ್ರ ನೋಡಲು ಅಡುಗೆಮನೆಗೆ ಬಂದರು. ಹಾಲಪ್ಪನೂ ಹಿಂದೆಯೇ ಬಂದ. ಸ್ಕ್ರೀನಿನ ಮೇಲೆ ಸಾಲಾಗಿ ಚಿತ್ರಗಳು! ತಾನು ಹೊಂದಿಸಿದ ಬೆಳಕೇ, ತಾನು ನಿಲ್ಲಿಸಿದ ಕೋನವೇ. ಒಂದೂ ಕಳುವಾಗಿರಲಿಲ್ಲ.

ತಿಪ್ಪೇಸ್ವಾಮಿ ಅತ್ಯುತ್ತಮವಾದುದನ್ನು ಆರಿಸಿ ದೊಡ್ಡದು ಮಾಡಿದ. ಅಮ್ಮನ ಕಣ್ಣು, ಮೂಗುತಿ, ಹಣೆ.

"ಹಣೇಲಿ ಇದ್ಯಾರಪ್ಪ?" ಎಂದರು ಚಂದ್ರಮೌಳಿ.

ಬೆಳ್ಳಿಯ ಹಣೆಯ ಮೇಲೆ ಒಂದು ಬಿಳಿ ಗೀರು. ಗೀರಿನ ನಡುವೆ ಚಿಕ್ಕದೊಂದು ಮುಖ. ಕಣ್ಣು ಕಿರಿದಾಗಿದೆ, ತುಟಿ ಸೊಟ್ಟಗಾಗಿದೆ. ಮುಂದಿನ ಚಿತ್ರದಲ್ಲೂ ಅದೇ ಮುಖ. ಅದರ ಮುಂದಿನದರಲ್ಲೂ.

"ತಿದ್ದಿ ಅಳಿಸಕ್ಕಾಗಲ್ವಾ?" ಎಂದು ಚಂದ್ರಮೌಳಿಯವರೇ ಕೇಳಿದರು.

"ಆಗ್ತದೆ ಸ್ವಾಮಿ. ಆದ್ರೆ ಅಲ್ಲಿ ನಾನು ಬರೆದ ಹಣೆ ಇರ್ತದೆ. ಅಮ್ಮನ ಹಣೆ ಇರಲ್ಲ."

ಚಂದ್ರಮೌಳಿಯವರು ಬೈಯಲಿಲ್ಲ. "ಹಂಗಾದ್ರೆ ಬ್ಯಾಡ. ಇನ್ನೊಂದು ವರ್ಷ ಅಮ್ಮನ ಮುಖ ಇಳಿಸಂಗಿಲ್ಲ. ಪುಸ್ತಕ ಮುಖ ಇಲ್ಲದೇ ಬರ್ಲಿ," ಎಂದು ಶಲ್ಯ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಗೆಳೆಯರಿಬ್ಬರೇ ಉಳಿದರು.

"ಕಾರ್ಡು ಖಾಲಿ ಇತ್ತು ತಿಪ್ಪೇಶಿ. ನಾನು ಏನಂದ್ಕೊಂಡೆ ಅಂದ್ರೆ..." ಎಂದು ಹಾಲಪ್ಪ ತೊಡಗಿದ.

ತಿಪ್ಪೇಸ್ವಾಮಿ ಸ್ಕ್ರೀನನ್ನೇ ನೋಡುತ್ತಿದ್ದ. "ನೀನು ನಕ್ಕಿದ್ದು ನೋಡೀನಿ, ನಿಮ್ಮವ್ವ ಹೋದಾಗ ಅತ್ತಿದ್ದು ನೋಡೀನಿ. ನನ್ನ ಬೆನ್ನ ಹಿಂದೆ ನಿನ್ನ ಮುಖ ಹಿಂಗಿರ್ತದೆ ಅಂತ ಇವತ್ತೇ ನೋಡಿದ್ದು," ಎಂದ.

ಹಾಲಪ್ಪ ಕ್ಷಮೆ ಕೇಳಿದ. ತಿಪ್ಪೇಸ್ವಾಮಿ ಆಗಲಿ ಎಂದ. ಸ್ನೇಹ ಬಿಡಲಿಲ್ಲ, ಅಂಗಡಿ ಮುಚ್ಚಲಿಲ್ಲ.

ಆದರೆ ಮರುದಿನ ಹಾಲಪ್ಪ ಸ್ಟುಡಿಯೋಗೆ ಬಂದಾಗ ಒಳಕೋಣೆಯ ಬಾಗಿಲೇ ಇರಲಿಲ್ಲ. ತಿಪ್ಪೇಸ್ವಾಮಿ ಅದನ್ನು ಕಳಚಿ ಗೋಡೆಗೆ ಒರಗಿಸಿದ್ದ. ಕಂಪ್ಯೂಟರ್ ಮೇಜನ್ನು ಹೊರಗೆಳೆದು, ಸ್ಕ್ರೀನನ್ನು ಹಾಲಪ್ಪನ ಕುರ್ಚಿಯ ಕಡೆ ತಿರುಗಿಸಿದ್ದ. ಒಬ್ಬ ಗಿರಾಕಿಯ ಚಿತ್ರ ತೆಗೆದ ಕೂಡಲೇ ತಿರುಗಿ, "ಬಂತು. ನೋಡ್ಕೊ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪರಿಚಯವಿಲ್ಲದವರ ಜೊತೆ ಮಾತಾಡುವಂತಿತ್ತು.

"ಬ್ಯಾಡ ಮಾರಾಯ, ನೀನು ತೆಗಿ ಸಾಕು," ಎಂದ ಹಾಲಪ್ಪ.

"ಇಲ್ಲ. ನೋಡ್ಕೊ."

ಹಾಲಪ್ಪ ನೋಡಿದ. ಅಂದಿನಿಂದ ಅವನಿಗೆ ಕಾಣದ್ದು ಎಂದು ಆ ಅಂಗಡಿಯಲ್ಲಿ ಏನೂ ಉಳಿಯಲಿಲ್ಲ. ಪ್ರತಿ ಸಲ ತಿಪ್ಪೇಸ್ವಾಮಿ ನೋಡ್ಕೊ ಎಂದಾಗಲೂ ಅವನ ಕಣ್ಣು ತುಂಬಿ ಬರುತ್ತಿತ್ತು.

ನೀತಿ: ಗೆಳೆಯನ ಮೇಲೆ ಅನುಮಾನ ಬಂದರೆ ಕದ್ದು ನೋಡಬೇಡ, ಎದುರಿಗೆ ನಿಂತು ಕೇಳು. ಕದ್ದು ನೋಡುವವನಿಗೆ ಗೆಳೆಯನ ತಪ್ಪು ಸಿಗುತ್ತದೋ ಇಲ್ಲವೋ, ಅವನ ಸ್ವಂತ ಮುಖವಂತೂ ಗೆಳೆಯನಿಗೆ ಕಂಡುಬಿಡುತ್ತದೆ.