ಮೈಗಳ್ಳ ಸ್ಟೂಲು

ಸುಳ್ಳೆಂದವರಿಗೆ ದೋಸೆ ಇಲ್ಲ, ನಂಬಿಕೊಂಡು ಕೇಳಿ. ಒಂದು ಅಡುಗೆಮನೆಯ ಮೂಲೆಯಲ್ಲಿ, ಹಳೆ ಕುರ್ಚಿಯ ಪಕ್ಕ, ಹೊಸ ಬಣ್ಣ ಬಳಿದ ಮರದ ಸ್ಟೂಲಿತ್ತು. ಹೊರಗೆ ಮಿರಮಿರ ಮಿಂಚಿದರೂ ಅದರ ಒಂದು ಕಾಲನ್ನು ಹುಳು ಒಳಗಿಂದಲೇ ತಿನ್ನುತ್ತಿತ್ತು. ದೋಸೆಹಿಟ್ಟು ರುಬ್ಬುವ ಗ್ರೈಂಡರಣ್ಣ ಬಂದು, "ಈಚೆ ಬಾ, ನಿನ್ನ ಮೇಲೆ ಕೂರಬೇಕು" ಎಂದ.

"ಬೇಡಣ್ಣ, ಕಾಲಿನೊಳಗೆ ಹುಳು ಹಿಡಿದಿದೆ. ನಿನ್ನ ಭಾರಕ್ಕೆ ಮುರಿದೇ ಹೋಗುತ್ತೇನೆ."

"ಕೈ ಮುರಿದ ಆ ಕುರ್ಚಿ ಮೂಲೆ ಹಿಡಿದರೆ ಅರ್ಥವಿದೆ. ನಿನಗೇನು ಬಂದಿದೆ ರೋಗ? ಮದುಮಗನ ಹಾಗೆ ಹೊಳೀತಿದ್ದೀಯ!"

"ಕಾಲ ಬುಡದಲ್ಲಿ ಪುಡಿ ಉದುರಿದೆ, ನೀನೇ ನೋಡು."

ಗ್ರೈಂಡರಣ್ಣ ಬಗ್ಗಿ ನೋಡಿದ. "ಇದು ಗೋಧಿಹಿಟ್ಟು. ಉದುರಿಸಿಕೊಂಡು ನಾಟಕ ಆಡ್ತೀಯ? ಮೈಗಳ್ಳ!"

ಸ್ಟೂಲಿಗೆ ಮೈಯೆಲ್ಲ ಉರಿದುಹೋಯಿತು. "ಮೈಗಳ್ಳ ನಾನಲ್ಲ ಕಣಯ್ಯಾ! ಒಳಗೆ ಕೂತು ನನ್ನ ಮೈ ಕದೀತಿದೆಯಲ್ಲ, ಆ ಹುಳು! ಕದ್ದವರನ್ನು ಬಿಟ್ಟು ಕಳಕೊಂಡವರನ್ನು ಬೈತೀಯಲ್ಲ, ನಾಚಿಕೆ ಇಲ್ಲವಾ?"

ಗ್ರೈಂಡರಣ್ಣ ಕೇಳಿಸಿಕೊಳ್ಳದೆ ಧೊಪ್ಪನೆ ಕೂತ. ಕಾಲು ಲಟಕ್ಕನೆ ಮುರಿಯಿತು. ಇಬ್ಬರೂ ನೆಲಕ್ಕೆ ಬಿದ್ದಾಗ ಒಳಗಿನ ಟೊಳ್ಳು ಅವನ ಕಣ್ಣಿಗೆ ಬಿತ್ತು. "ಅಯ್ಯೋ ಪಾಪ, ನಿಜವಾಗ್ಲೂ ತಿಂದುಬಿಟ್ಟಿದೆಯಲ್ಲೋ!" ಎಂದು ಲೊಚಗುಟ್ಟಿದ.

"ಪಾಪ ಅನ್ನೋದು ಆಮೇಲೆ," ಸ್ಟೂಲು ಗುಡುಗಿತು. "ಮೊದಲು ನನ್ನ ಮೇಲಿಂದ ಏಳು!"