ದಾರಿಗಡ್ಡ ಮಲಗುವ ಪುಟ್ಟ ಕುದುರೆ

ಲೋಕ ಆಗತಾನೆ ಹುಟ್ಟಿತ್ತು. ಬೆಟ್ಟಗಳು ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಇನ್ನೂ ಬೆಚ್ಚಗಿದ್ದವು. ಹೊಳೆಗೆ ತನ್ನ ದಾರಿ ಗೊತ್ತಿರಲಿಲ್ಲ, ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಆಗ ಪುಟ್ಟ ಕುದುರೆ ಅನ್ನುವುದೇ ಇರಲಿಲ್ಲ. ಇದ್ದ ಕುದುರೆಗಳೆಲ್ಲ ದೊಡ್ಡವು.

ಹೀಗೆಂದು ಶುರುಮಾಡಿದ್ದು ಪುಟ್ಟನಂಜಮ್ಮಜ್ಜಿ. ಕೇಳುತ್ತಿದ್ದದ್ದು ಮೊಮ್ಮಗಳು ಸಿಂಚನ. ಇಬ್ಬರೂ ಹಳ್ಳಿಯಾಚೆಯ ಪುಟಾಣಿ ಪ್ರಾಣಿಗಳ ತೋಟ ನೋಡಲು ಬಂದಿದ್ದರು. ಅಲ್ಲಿ ಸೊಂಟದೆತ್ತರದ ಹಸು, ಮೊಣಕಾಲೆತ್ತರದ ಆಡು, ಮಡಿಲಲ್ಲಿ ಹಿಡಿಸುವ ಮೊಲ, ಎಲ್ಲವನ್ನೂ ಮಕ್ಕಳು ಮುಟ್ಟಿ ಮುದ್ದಾಡಬಹುದು. ಮೊಲದ ಗೂಡಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಕುದುರೆ ಅಡ್ಡ ಮಲಗಿತ್ತು. ಮೊಲ ನೋಡುವ ಆತುರಕ್ಕೆ ಸಿಂಚನ ಅದನ್ನು ದಾಟಲು ಕಾಲೆತ್ತಿದ್ದಳು. ಅಜ್ಜಿ ಫ್ರಾಕು ಹಿಡಿದು ಹಿಂದಕ್ಕೆ ಎಳೆದಿದ್ದರು.

"ದಾಟಬೇಡ ಕಣೇ! ಮಲಗಿದ್ದವರನ್ನ ದಾಟ್ತಾರಾ? ಮನೇಲಿ ನೀನು ತಮ್ಮನ್ನ ದಾಟಿದಾಗ ನಾನು ಏನಂದಿದ್ದೆ?"

"ಅವನು ಕುಳ್ಳ ಆಗ್ತಾನೆ, ತಿರುಗಿ ದಾಟು ಅಂದಿದ್ದೆ."

"ಹ್ಞಾ. ಆ ಮಾತು ಹುಟ್ಟಿದ್ದೇ ಇದರ ಕತೆಯಿಂದ. ಕೂತ್ಕೋ ಇಲ್ಲಿ. ಮೊಲ ಎಲ್ಲೂ ಓಡಿಹೋಗಲ್ಲ. ಓಡೋಕೆ ಬಿಟ್ಟರೆ ತಾನೆ?"

ಕತೆ ಮುಂದಕ್ಕೆ ಹೀಗಿದೆ.

ಆ ಕಾಲದಲ್ಲಿ ಮನುಷ್ಯರಿಗೆ ಕಟ್ಟುವ ಹುಚ್ಚು ಹಿಡಿದಿತ್ತು. ಬೆಟ್ಟ ಒಡೆದು ಕಲ್ಲು ತೆಗೆಯುವುದು, ಕುದುರೆಯ ಬೆನ್ನಿಗೆ ಹೇರುವುದು, ಇಷ್ಟೇ ಕೆಲಸ. ಯಾವ ಮರಿ ಮನುಷ್ಯನ ಎದೆಮಟ್ಟಕ್ಕೆ ಬೆಳೆಯುತ್ತದೋ ಅದಕ್ಕೆ ಮಾರನೆಯ ದಿನವೇ ಹೇರು. ಹೇರು ಹೊತ್ತ ಕುದುರೆಗೆ ಮಲಗಲೂ ಬಿಡುವಿಲ್ಲ. ಅದು ನಿಂತೇ ನಿದ್ದೆ ಮಾಡುವುದನ್ನು ಕಲಿಯಿತು.

ಒಬ್ಬಳು ತಾಯಿ ಕುದುರೆ ಇದ್ದಳು. ಅವಳ ಬೆನ್ನಿನ ಹುಣ್ಣು ಮಾಯುವ ಮೊದಲೇ ಮತ್ತೆ ಕಲ್ಲು ಬೀಳುತ್ತಿತ್ತು. ಹೆತ್ತ ಮರಿಗಳೆಲ್ಲ ಒಂದೊಂದಾಗಿ ಹೇರಿಗೆ ಹೋಗಿ, ಒಂದೊಂದಾಗಿ ದಾರಿಯಲ್ಲೇ ಸತ್ತಿದ್ದವು. ಉಳಿದದ್ದು ಕೊನೆಯದು. ಅದು ದಿನಾ ಬೆಳೆಯುತ್ತಿತ್ತು. ಬೇರೆ ತಾಯಂದಿರು ಮರಿ ಬೆಳೆದರೆ ಹಿಗ್ಗುತ್ತಾರೆ. ಇವಳು ಮರಿಯ ಬೆನ್ನನ್ನು ಮನುಷ್ಯರ ಎದೆಮಟ್ಟಕ್ಕೆ ಅಳೆದು ಅಳೆದು ಹೆದರುತ್ತಿದ್ದಳು.

ಅವಳು ಬೆಟ್ಟದ ಹತ್ತಿರ ಹೋದಳು. "ಬೆಟ್ಟಪ್ಪ, ನನ್ನ ಮರೀನ ಬಚ್ಚಿಡ್ತೀಯಾ?"

"ನನ್ನನ್ನೇ ಒಡೆದು ಒಯ್ತಿದಾರೆ ತಾಯಿ. ನಾನೆಲ್ಲಿ ಬಚ್ಚಿಡಲಿ?" ಎಂದಿತು ಬೆಟ್ಟ.

ಹೊಳೆಯ ಹತ್ತಿರ ಹೋದಳು. "ಹೊಳೆಯಮ್ಮ, ನನ್ನ ಮರೀನ ಬಚ್ಚಿಡ್ತೀಯಾ?"

"ನಾನು ಹರಿಯೋಳು ಕಣವ್ವ. ನನ್ನೊಳಗೆ ಇಟ್ಟದ್ದು ಯಾವುದೂ ಇಟ್ಟ ಕಡೆ ಇರಲ್ಲ" ಎಂದಿತು ಹೊಳೆ.

ಗಾಳಿಗೆ ಎಲ್ಲರ ಮನೆಯ ಗುಟ್ಟೂ ಗೊತ್ತು. ಬಾಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಅದು ತಾನಾಗೇ ಬಂದು ಹೇಳಿತು.

"ಬಚ್ಚಿಡೋದು ಯಾಕೆ? ಬೆಳೆಯದ ಹಾಗೆ ಮಾಡು. ಮರಿ ಮಲಗಿದ್ದಾಗ ದಾಟು, ಬೆಳೆಯೋದು ಅಲ್ಲಿಗೇ ನಿಲ್ಲುತ್ತೆ. ಬೇಕಾದಾಗ ತಿರುಗಿ ದಾಟು, ಮತ್ತೆ ಬೆಳೆಯುತ್ತೆ. ಆದರೆ ದಾಟಿದವಳೇ ತಿರುಗಿ ದಾಟಬೇಕು. ಬೇರೆಯವರು ದಾಟಿದರೆ ಆಗಲ್ಲ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂದುಕೊಂಡಳು ತಾಯಿ. ಮರಿ ಬಿಸಿಲಿಗೆ ಮೈಚಾಚಿ ಮಲಗಿತ್ತು. ಅವಳು ದಾಟಿದಳು.

ಹೇರಿನವರು ಬಂದು ಮರಿಯ ಪಕ್ಕ ನಿಂತು ನೋಡಿದರು. ಎದೆಮಟ್ಟ ಇಲ್ಲ. ಇನ್ನೊಂದು ಸಲ ಬಂದರು. ಎದೆಮಟ್ಟ ಇಲ್ಲ. "ಇದೇನ್ ಕುದುರೇನೋ ಕುರೀನೋ!" ಎಂದು ನಕ್ಕು ಬಿಟ್ಟುಹೋದರು. ಅವತ್ತು ತಾಯಿ ಹೊಟ್ಟೆತುಂಬ ಹುಲ್ಲು ತಿಂದಳು.

"ಅಮ್ಮಾ, ನಾನು ದೊಡ್ಡವನಾಗೋದು ಯಾವಾಗ?" ಎಂದು ಮರಿ ಕೇಳಿತು.

"ಹೇರು ಮುಗಿದ ದಿನ. ಅವತ್ತು ನೀನು ಮಲಗಿರು, ನಾನು ಬಂದು ದಾಟ್ತೀನಿ."

ಹೇರು ಮುಗಿಯಲಿಲ್ಲ. ಬೆಟ್ಟ ಮುಗಿಯಿತು.

ಮನುಷ್ಯರು ಗಂಟುಮೂಟೆ ಕಟ್ಟಿ ಇನ್ನೊಂದು ಬೆಟ್ಟಕ್ಕೆ ಹೊರಟರು. ಕುದುರೆಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ, ಉಳಿದ ಕಲ್ಲನ್ನೆಲ್ಲ ಅವುಗಳ ಮೇಲೆ ಹೇರಿ ನಡೆಸಿದರು. ತಾಯಿ ಆ ಸಾಲಿನಲ್ಲಿದ್ದಳು. ಮರಿ ಹಿಂದೆ ಓಡಿತು. ಓಡಿ ಓಡಿ ಹಿಂದುಳಿಯಿತು. ಕಾಲು ಉದ್ದವಿದ್ದಿದ್ದರೆ ಜೊತೆಗೆ ಹೋಗುತ್ತಿತ್ತು. ಕಾಲು ಉದ್ದವಾಗದ ಹಾಗೆ ಮಾಡಿದವಳು ತಾನೇ ಎಂದು ತಾಯಿಗೆ ಆಗ ಹೊಳೆಯಿತು. ಅವಳು ಕೂಗಿಕೊಂಡಳು, ಹಗ್ಗ ಜಗ್ಗಿದಳು, ಮೊಣಕಾಲೂರಿ ಬಿದ್ದಳು. ಹೇರಿನವರು ಎಬ್ಬಿಸಿ ನಡೆಸಿದರು.

"ಮಲಗಿಕೋ ಮಗಾ! ದಾರೀಲೇ ಮಲಗಿಕೋ! ಬಂದು ದಾಟ್ತೀನಿ!"

ಮರಿ ಮಲಗಿತು. ಪಕ್ಕಕ್ಕೆ ಮಲಗಿದರೆ ಅಮ್ಮ ನೋಡದೆ ಹೋದಾಳು ಎಂದು ದಾರಿಯ ನಟ್ಟನಡುವೆ ಅಡ್ಡ ಮಲಗಿತು.

ಆಡು ಬಂದು ಅಯ್ಯೋ ಅಂದು ದಾಟಿತು. ಮರಿ ಬೆಳೆಯಲಿಲ್ಲ. ಹಸು ದಾಟಿತು. ಬೆಳೆಯಲಿಲ್ಲ. ಮೊಲ ಕೂಡ ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಹಾರಿ ದಾಟಿತು, ಪಾಪ. ಬೆಳೆಯಲಿಲ್ಲ.

"ಗಾಳಿಯಣ್ಣ, ಅಮ್ಮ ಬರ್ತಿದಾಳಾ?"

ಗಾಳಿ ನೋಡಿಕೊಂಡು ಬಂದಿತ್ತು. ತಾಯಿ ಆಚೆ ಬೆಟ್ಟದ ಇಳಿಜಾರಿನಲ್ಲಿ ಹೇರಿನ ಸಮೇತ ಬಿದ್ದಿದ್ದಳು. ಹಗ್ಗ ಬಿಚ್ಚಿ ಅವಳನ್ನು ಅಲ್ಲೇ ಬಿಟ್ಟು ಸಾಲು ಮುಂದೆ ಹೋಗಿತ್ತು. ಅವಳಲ್ಲಿ ಉಸಿರಿರಲಿಲ್ಲ. ಅಷ್ಟು ಮಾತಾಡುವ ಗಾಳಿಗೆ ಅವತ್ತು ಬಾಯಿ ಬರಲಿಲ್ಲ. ಉಪಾಯ ಹೇಳಿಕೊಟ್ಟದ್ದು ತಾನೇ ಅಲ್ಲವೇ? ಮರಿಯ ಜೂಲನ್ನು ಒಮ್ಮೆ ನೇವರಿಸಿ ಹೊರಟುಹೋಯಿತು. ಹೌದು ಅಂದಿತು ಅಂತ ಮರಿ ತಿಳಿದುಕೊಂಡಿತು.

ಆಮೇಲೆ ಬಂದ ಮನುಷ್ಯರು ಅದನ್ನು ನೋಡಿ, ಹೊರಲಾರದು, ಆದರೆ ಮುದ್ದಾಗಿದೆ ಅಂದರು. ಸುತ್ತ ಬೇಲಿ ಹಾಕಿದರು. ಮಕ್ಕಳನ್ನು ಕರೆತಂದು ತೋರಿಸಿದರು. ಅದಕ್ಕೆ ಹುಟ್ಟಿದ ಮರಿಗಳೂ ಪುಟ್ಟವಾಗಿಯೇ ಉಳಿದವು, ಅದರ ಹಾಗೆಯೇ ದಾರಿಗಡ್ಡ ಮಲಗಿ ಕಾದವು. ಅವುಗಳ ಬೆನ್ನಿಗೆ ಯಾರೂ ಕಲ್ಲು ಹೇರಲಿಲ್ಲ. ತಾಯಿ ಬೇಡಿದ್ದು ಅದನ್ನೇ. ಅದೊಂದು ಮಾತ್ರ ಸಿಕ್ಕಿತು.

ಅಜ್ಜಿ ಕತೆ ನಿಲ್ಲಿಸಿದರು. ಮೊಲಕ್ಕೆಂದು ತಂದು ಸಿಂಚನ ಕೈಯಲ್ಲಿ ಹಿಡಿದಿದ್ದ ಕ್ಯಾರೆಟ್ ತುಂಡು ಬೆವರಿಗೆ ಒದ್ದೆಯಾಗಿತ್ತು.

"ಅಜ್ಜಿ, ಅದರ ಅಮ್ಮ ಬರೋದೇ ಇಲ್ವಾ?"

"ಇಲ್ಲ ಕಣೇ. ಬರಲ್ಲ." ಸುಳ್ಳು ಹೇಳಿ ಸಮಾಧಾನ ಮಾಡುವುದು ಪುಟ್ಟನಂಜಮ್ಮಜ್ಜಿಗೆ ಬಾರದ ವಿದ್ಯೆ.

"ಅದು ಇದಕ್ಕೆ ಗೊತ್ತಾ?"

"ಗಾಳಿಗೇ ಹೇಳೋಕೆ ಆಗ್ಲಿಲ್ಲ. ನೀನು ಹೇಳ್ತೀಯಾ?"

ಸಿಂಚನ ಕುದುರೆಯ ಕಿವಿಯ ಹತ್ತಿರ ಬಗ್ಗಿದಳು. ಬಾಯಿ ತೆರೆದಳು. ಹೇಳಲಾಗಲಿಲ್ಲ. ಅಳು ಬಂತು. ಕ್ಯಾರೆಟ್ ಅನ್ನು ಅದರ ಮೂತಿಯ ಮುಂದೆ ಇಟ್ಟು, ಬೇಲಿಯ ಪಕ್ಕದಿಂದ ಸುತ್ತು ಹಾಕಿಕೊಂಡು ಮೆಲ್ಲಗೆ ನಡೆದಳು. ಕುದುರೆ ಕ್ಯಾರೆಟ್ ಮೂಸಲಿಲ್ಲ, ಅವಳ ಕಾಲನ್ನೇ ನೋಡಿತು.

ಅದಕ್ಕೇ ಇವತ್ತಿಗೂ ದೊಡ್ಡ ಕುದುರೆಗಳು ನಿಂತೇ ನಿದ್ದೆ ಮಾಡುತ್ತವೆ, ಪುಟ್ಟ ಕುದುರೆ ಮಾತ್ರ ದಾರಿಗಡ್ಡ ಮಲಗುತ್ತದೆ, ನಿನ್ನ ಹೆಜ್ಜೆ ಸದ್ದು ಕೇಳಿದರೆ ಕಿವಿ ನಿಮಿರಿಸಿ, ಬಂದ ಕಾಲು ಯಾರದೆಂದು ನೋಡಿ, ಮತ್ತೆ ಕಿವಿ ಇಳಿಸುತ್ತದೆ.