ಸಮುದ್ರದ ದಾರಿಯಲ್ಲಿ ಮೂವರು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ನಡೆಯಲಾಗದವರು ಯಾರಾದರೂ ಯಾತ್ರೆಗೆ ಆಸೆಪಟ್ಟರೆ, ಶಿಷ್ಯನೊಬ್ಬ ಅವರ ಹಾಸಿಗೆಯ ಬಳಿ ಕೂತು ಮಾತಿನಲ್ಲೇ ಅವರನ್ನು ಕರೆದೊಯ್ಯುತ್ತಿದ್ದ.

ಅದಕ್ಕೆ ನಿಯಮಗಳಿದ್ದವು. ಕಾಲು ಒಂದು ದಿನಕ್ಕೆ ನಡೆಯಬಲ್ಲಷ್ಟೇ ದೂರವನ್ನು ಆ ದಿನ ಹೇಳಬೇಕು. ಸಂಜೆ ಎಲ್ಲಾದರೂ ತಂಗಬೇಕು. ಮರುದಿನ ಅಲ್ಲಿಂದಲೇ ಹೊರಡಬೇಕು. ಹೊರಟವರನ್ನು ನಡುದಾರಿಯಲ್ಲಿ ಬಿಡಬಾರದು.

ಅಗಸರ ದ್ಯಾಮವ್ವ ಹಾಸಿಗೆ ಹಿಡಿದಾಗ, ಕಾಶಿ ಬೇಡ, ರಾಮೇಶ್ವರ ಬೇಡ, ಸಮುದ್ರ ತೋರಿಸಿ ಎಂದು ಹೇಳಿ ಕಳಿಸಿದಳು. ಜನ್ಮವಿಡೀ ಈ ಹೊಳೆಯಲ್ಲಿ ಊರಿನ ಬಟ್ಟೆ ಒಗೆದಿದ್ದಳು. ಆ ಕೊಳೆಯೆಲ್ಲ ಹೋಗಿ ಎಲ್ಲಿ ಸೇರಿತು ಎಂದು ಒಮ್ಮೆ ನೋಡಿಬಿಡಬೇಕಂತೆ.

ಗುರುಗಳು ಶೇಷಗಿರಿಯನ್ನು ಕರೆದರು. ಹೆಂಡತಿ ನಾಗವೇಣಿ ತೀರಿಕೊಂಡ ಮೇಲೆ ಆಶ್ರಮಕ್ಕೆ ಬಂದವನು ಅವನು. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

“ನಾನು ಸಮುದ್ರ ನೋಡಿಲ್ಲ, ಗುರುಗಳೇ. ನಾನು ಹೇಳುವುದೆಲ್ಲ ಸುಳ್ಳಾಗುವುದಿಲ್ಲವೇ?”

“ನೋಡಿದವನು ತನ್ನ ಸಮುದ್ರವನ್ನು ಹೇಳುತ್ತಾನೆ,” ಎಂದರು ಗುರುಗಳು. “ಅವಳಿಗೆ ಬೇಕಾದದ್ದು ಅವಳ ಸಮುದ್ರ.”

ಶೇಷಗಿರಿ ದಾರಿ ಬಲ್ಲ ವ್ಯಾಪಾರಿಗಳನ್ನು ವಿಚಾರಿಸಿದ. ಯಾವ ಊರಾದ ಮೇಲೆ ಯಾವ ಊರು, ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲವನ್ನೂ ಕೇಳಿ ತಿಳಿದುಕೊಂಡು ಹೋಗಿ ದ್ಯಾಮವ್ವನ ಗುಡಿಸಲಿನಲ್ಲಿ ಕೂತು ಒಂದೂ ತಪ್ಪಿಲ್ಲದೆ ಹೇಳಿದ. ದ್ಯಾಮವ್ವ ನಿದ್ದೆಹೋದಳು. ಮರುದಿನವೂ ಹಾಗೇ ಆಯಿತು.

ಅವನು ಗುರುಗಳ ಮುಂದೆ ನಿಂತು ಮುದುಕಿಗೆ ಯಾತ್ರೆಯಲ್ಲಿ ಮನಸ್ಸಿಲ್ಲ ಎಂದ.

“ದಾರಿಯಲ್ಲಿ ಏನು ಉಂಡಳು?”

ಶೇಷಗಿರಿ ಊಟದ ಮಾತನ್ನೇ ಎತ್ತಿರಲಿಲ್ಲ.

“ಉಪವಾಸ ಇರುವವಳನ್ನು ಎಷ್ಟು ದೂರ ನಡೆಸುತ್ತೀಯ?”

ಮಾರನೆಯ ದಿನದ ಮಾತಿನಲ್ಲಿ ಅವನು ಬುತ್ತಿ ಬಿಚ್ಚಿಸಿದ. ರೊಟ್ಟಿ ಒಣಗಿತ್ತು, ಚಟ್ನಿ ಖಾರವಾಗಿತ್ತು. ದ್ಯಾಮವ್ವ ಕಣ್ಣು ಬಿಟ್ಟು, “ಉಪ್ಪು ಕಡಿಮಿ ಆಗೇತಿ. ಯಾರು ಅರದ್ರು ಇದನ್ನ?” ಎಂದಳು. ಉಂಡ ಮೇಲೆ ಹುಣಸೆಮರದ ನೆರಳಿಗೆ ನಡೆದರು.

ಆ ನೆರಳಿನಲ್ಲಿ ಒಬ್ಬಳು ನಿಂತಿದ್ದಳು. ಶೇಷಗಿರಿ ಅವಳನ್ನು ಅಲ್ಲಿ ನಿಲ್ಲಿಸಬೇಕೆಂದು ಹೊರಟಿರಲಿಲ್ಲ. ಬಾಯಿ ತಾನಾಗಿ ಹೇಳಿತು. ಬೂದುಬಣ್ಣದ ಸೀರೆ, ಕಂಕುಳಲ್ಲಿ ಗಂಟು. ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ ನೋಡುವ ಅಭ್ಯಾಸ.

“ಅಕಿ ಯಾರು?” ಎಂದಳು ದ್ಯಾಮವ್ವ.

“ನಮ್ಮವಳು,” ಎಂದ ಶೇಷಗಿರಿ.

“ಬರ್ಲಿ ಬಿಡು. ಒಬ್ಬ ಗಂಡಸಿನ ಕೂಡ ಎಷ್ಟಂತ ಮಾತಾಡ್ಲಿ?”

ಅಂದಿನಿಂದ ಮೂವರೂ ನಡೆದರು. ಇಬ್ಬರು ಹೆಂಗಸರೂ ಶೇಷಗಿರಿಯ ನಡಿಗೆಯನ್ನು ಆಡಿಕೊಂಡು ನಕ್ಕರು. ದಾರಿಯಲ್ಲಿ ಸಿಕ್ಕ ಬಟ್ಟೆಗಳನ್ನೆಲ್ಲ ನೋಡಿ ದ್ಯಾಮವ್ವ ಒಗೆದವರನ್ನು ಬೈದಳು. ಆಶ್ರಮದಲ್ಲಿ ಶೇಷಗಿರಿ ಬೆಳಗಿನ ಕೆಲಸವನ್ನು ಬೇಗ ಮುಗಿಸತೊಡಗಿದ. ಗುಡಿಸಲಿಗೆ ಹೋಗುವಾಗ ಅವನ ಹೆಜ್ಜೆ ಚುರುಕಾಗಿರುತ್ತಿತ್ತು. ಬರುವಾಗ ಹಾಗಿರುತ್ತಿರಲಿಲ್ಲ.

ಒಂದು ದಿನ ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಇನ್ನೊಂದು ಕಾಲುವೆ ದಾಟಿದರೆ ಸಮುದ್ರ.

ಶೇಷಗಿರಿ ಕಾಲುವೆಯ ಬಳಿ ತಂಗಿದ. ಮರುದಿನ ದೋಣಿಯವನು ಬರಲಿಲ್ಲ ಎಂದ. ಅದರ ಮರುದಿನ ದೋಣಿಗೆ ತೂತು ಬಿದ್ದಿತ್ತು. ಆಮೇಲೆ ದೋಣಿಯವನ ಮಗಳ ಮದುವೆ ಬಂತು. ಎರಡು ದಿನ ಬಿಟ್ಟು ಮತ್ತೆ ಅದೇ ಮಗಳ ಮದುವೆ.

ಅಷ್ಟರಲ್ಲಿ ದ್ಯಾಮವ್ವನಿಗೆ ಗಂಜಿಯೂ ಇಳಿಯದಾಯಿತು. ಧ್ವನಿ ಸಣ್ಣದಾಯಿತು.

“ತಮ್ಮಾ, ಆ ಹುಡುಗಿಗೆ ಎಷ್ಟು ಸಲ ಮದುವಿ ಮಾಡಸ್ತಿ?” ಎಂದಳು. “ನನ್ನ ಕಡೆ ಅಷ್ಟು ಹೊತ್ತು ಇಲ್ಲ.”

ಶೇಷಗಿರಿ ಎದ್ದು ಆಶ್ರಮಕ್ಕೆ ಬಂದ. ಉಳಿದ ದಾರಿಯನ್ನು ಬೇರೆ ಯಾರಾದರೂ ಹೇಳಲಿ ಎಂದು ಗುರುಗಳನ್ನು ಬೇಡಿಕೊಂಡ.

ಗುರುಗಳು ಹೊಳೆಯನ್ನು ನೋಡುತ್ತ ಕೂತಿದ್ದರು. ತಿರುಗಲಿಲ್ಲ.

“ಕಾಲುವೆಯ ದಂಡೆಯಲ್ಲಿ ಯಾರು ಯಾರಿದ್ದೀರಿ?”

“ದ್ಯಾಮವ್ವ. ನಾನು. ನಾಗವೇಣಿಯೂ.”

“ಸಮುದ್ರ ಬಂದರೆ?”

“ಅಲ್ಲಿಂದಾಚೆ ದಾರಿ ಇಲ್ಲ, ಗುರುಗಳೇ. ನಾಳೆ ಗುಡಿಸಲಿಗೆ ಹೋಗುವ ಕಾರಣ ಇರುವುದಿಲ್ಲ. ಅವಳು ಮತ್ತೆ ಎಲ್ಲಿ ಸಿಗುತ್ತಾಳೆ?”

“ಕೂತಿರೋಣ ಎಂದು ಅವಳು ಹೇಳಿದಳೇ?”

ಶೇಷಗಿರಿ ಕಣ್ಣು ಮುಚ್ಚಿದ.

“ಇಲ್ಲ. ಅವಳು ಕೂತಿಲ್ಲ. ನೀರಿನ ಅಂಚಿನಲ್ಲಿ ನಿಂತು ತಿರುಗಿ ನೋಡುತ್ತಿದ್ದಾಳೆ.”

“ಯಾರನ್ನು?”

“ದ್ಯಾಮವ್ವನನ್ನು.”

ಶೇಷಗಿರಿ ಬಂದ ದಾರಿಯಲ್ಲೇ ಗುಡಿಸಲಿಗೆ ಹಿಂದಿರುಗಿದ.

ಆ ಮಧ್ಯಾಹ್ನ ದೋಣಿಯವನು ಬಂದ. ಮೂವರೂ ಹತ್ತಿದರು. ಆಚೆ ದಡದ ದಿಬ್ಬ ಏರಿದರು. ಶೇಷಗಿರಿ ದ್ಯಾಮವ್ವನ ಕೈ ಹಿಡಿದುಕೊಂಡು, ಮುಂದೆ ನೀರು ಎಂದ. ಹೊಳೆಯ ನೀರಿಗಿಂತ ಹೆಚ್ಚು ನೀರು. ಆಚೆ ದಡ ಇಲ್ಲ. ಅದರ ಬಣ್ಣ ಹೇಗಿದೆಯೆಂದರೆ...

ಅವನಿಗೆ ತಿಳಿಯಲಿಲ್ಲ.

“ಸುಮ್ನಿರು ತಮ್ಮಾ,” ಎಂದಳು ದ್ಯಾಮವ್ವ. “ನನಗ ಕಾಣಾಕತ್ತೇತಿ.”

ಅವಳು ಗುಡಿಸಲಿನ ಸೂರನ್ನು ನೋಡುತ್ತ ಮಲಗಿದ್ದಳು. ಆಮೇಲೆ ಸಣ್ಣಗೆ ನಕ್ಕಳು.

“ಇಷ್ಟು ನೀರಿನ್ಯಾಗ ನನ್ನ ಕೊಳಿ ಎಲ್ಲಿ ಹುಡುಕ್ಲಿ?”

ಸ್ವಲ್ಪ ಹೊತ್ತು ಬಿಟ್ಟು, ನಿಮ್ಮಾಕಿ ಆಗಲೇ ಸೀರೆ ಎತ್ತಿಕಟ್ಟಿ ನೀರಿಗೆ ಇಳಿದಳು ನೋಡು ಎಂದಳು. ಶೇಷಗಿರಿ ನೋಡಿದ.

“ಕರೀತಾಳ,” ಎಂದಳು ದ್ಯಾಮವ್ವ. “ನನ್ನ ಕರೀತಾಳ, ನಿನ್ನಲ್ಲ. ನೀ ದಂಡಿ ಮ್ಯಾಲ ಇರು.”

“ಆಗಲಿ, ಅವ್ವಾ.”

“ಕೈ ಬಿಡು ಮತ್ತ.”

ಅವನು ಕೈ ಬಿಟ್ಟ.

ಹೊತ್ತು ಇಳಿಯುವ ಮೊದಲು ದ್ಯಾಮವ್ವನ ಉಸಿರು ನಿಂತಿತು. ಕೇರಿಯವರು ಬಂದು ಮುಂದಿನ ಕೆಲಸ ನೋಡಿಕೊಂಡರು. ಮಣ್ಣಾಗುವವರೆಗೂ ಶೇಷಗಿರಿ ಅಲ್ಲಿದ್ದು, ಮುಸ್ಸಂಜೆಯಲ್ಲಿ ಆಶ್ರಮಕ್ಕೆ ಮರಳಿದ.

ಬಾಗಿಲಲ್ಲಿ ಗುರುಗಳು ನೀರು ತುಂಬಿದ ತಂಬಿಗೆ ಹಿಡಿದು ನಿಂತಿದ್ದರು.

“ಎಷ್ಟು ಜನ ಹಿಂದಿರುಗಿದಿರಿ?”

“ನಾನೊಬ್ಬನೇ.”

ಗುರುಗಳು ಬಗ್ಗಿ ಅವನ ಪಾದಕ್ಕೆ ನೀರು ಸುರಿದರು. ಶೇಷಗಿರಿ ಗಾಬರಿಯಾಗಿ ಕಾಲು ಹಿಂದೆಳೆದುಕೊಂಡ. ನೀವು ತೊಳೆಯುವುದು ಸರಿಯಲ್ಲ, ನಾನು ಬಂದದ್ದು ಇಲ್ಲೇ ಕೂಗಳತೆಯ ಕೇರಿಯಿಂದ ಎಂದ.

“ಕಾಲು ಚಾಚು,” ಎಂದರು ಗುರುಗಳು. “ಬೆರಳ ಸಂದಿಯಲ್ಲಿ ಇನ್ನೂ ಉಸುಕಿದೆ.”